ಪಾಂಡಾ ಎಂಬ ಹೆಸರಿನ ಮೊದಲ ಒಡೆಯ

ಪಾಂಡಾ ಎಂದೊಡನೆ ಕಣ್ಣೆದುರಿಗೆ ಬರುವುದು
ಬಿದಿರನ್ನು ಮೆಲ್ಲುತ್ತ ಕುಳಿತ
ಆ ಕಪ್ಪು ಬಿಳುಪಿನ ಸ್ಥೂಲಕಾಯವೇ ಅಲ್ಲವೆ?
ಆದರೆ ಆ ನಾಮಧೇಯವು ಮೊದಲು ಯಾರದಾಗಿತ್ತೆಂಬುದನ್ನು ಬಲ್ಲಿರಾ?

ಹಿಮಾಲಯದ ತಂಪು ಕಾಡುಗಳಲ್ಲಿ,
ಬೆಕ್ಕಿಗಿಂತ ತುಸುವೇ ದೊಡ್ಡದಾಗಿ,
ಕಾವಿಗೆಂಪು ರೋಮವನ್ನೂ ಬಳೆಬಳೆಯಾದ ಬಾಲವನ್ನೂ ಹೊತ್ತು,
ಪಾಚಿಗಟ್ಟಿದ ಕೊಂಬೆಗಳಲ್ಲಿ ಸಂಚರಿಸುವ ಜೀವಿಯೊಂದುಂಟು;
1825ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಫ್ರೆಡೆರಿಕ್ ಕುವಿಯೆ
ಶಾಸ್ತ್ರೀಯವಾಗಿ ವರ್ಣಿಸಿ ಪಾಂಡಾ ಎಂದು ಕರೆದುದು
ಇಂದು ಸಿಕ್ಕಿಂನ ರಾಜ್ಯಪ್ರಾಣಿಯಾಗಿರುವ
ಈ ಕೆಂಪು ಪಾಂಡಾವನ್ನೇ.

ಆ ಶಬ್ದದ ಮೂಲವು
ನೇಪಾಳದ 'ನಿಗಾಲ್ಯ ಪೋನ್ಯ' ಎಂಬ ನುಡಿಯಿರಬೇಕೆಂದು
ವಿದ್ವಾಂಸರು ಊಹಿಸುತ್ತಾರೆ;
ನಿಗಾಲೊ ಎಂದರೆ ಅಲ್ಲಿಯ ಸಣ್ಣ ಬಿದಿರು,
ಉಳಿದರ್ಧದ ಅರ್ಥ ಇನ್ನೂ ಚರ್ಚಾಸ್ಪದ.

ದೊಡ್ಡ ಪಾಂಡಾವು ಐರೋಪ್ಯ ವಿಜ್ಞಾನಕ್ಕೆ ಪರಿಚಿತವಾದುದು
1869ರಲ್ಲಿ,
ಚೀನದ ಸಿಚುವಾನಿನಲ್ಲಿದ್ದ ಪಾದ್ರಿ ಅರ್ಮಾಂ ದಾವೀದರಿಂದ.
ಅವರು ಅದನ್ನು ಕರಡಿಯೆಂದೇ ಹೆಸರಿಸಿದರು.
ಮರುವರ್ಷ ಪ್ಯಾರಿಸಿನ ಪ್ರಾಣಿಶಾಸ್ತ್ರಜ್ಞ ಮಿಲ್ನ್ ಎಡ್ವರ್ಡ್ಸರು
ಹಲ್ಲು ಮೂಳೆಗಳ ಸಾದೃಶ್ಯವನ್ನು ಕಂಡು
ಕೆಂಪು ಪಾಂಡಾದ ಬಂಧುವೆಂದರು;
ಹೆಸರೂ ಕ್ರಮೇಣ ಅದನ್ನೇ ಹಿಂಬಾಲಿಸಿತು.

ಮನೆತನದ ಹೆಸರನ್ನು ಹೊತ್ತ ಹಿರಿಯ ಮಗನನ್ನು ಮರೆತು,
ಹಿಂದಿನಿಂದ ಬಂದ ದತ್ತುಪುತ್ರನನ್ನೇ
ಊರೆಲ್ಲ ಆ ಹೆಸರಿನಿಂದ ಕರೆದಂತಾಯಿತು!

ದಾವೀದರ ಮಾತೇ ದಿಟವೆಂದು ಇಂದಿನ ವಂಶವಾಹಿ ಪರೀಕ್ಷೆಗಳು ಹೇಳುತ್ತವೆ:
ದೊಡ್ಡದು ಕರಡಿ,
ಕೆಂಪು ಪಾಂಡಾ ತನ್ನ ಕುಟುಂಬದಲ್ಲಿ ಏಕಾಕಿ.
ಆದರೂ ಎಂತಹ ವಿಸ್ಮಯ ನೋಡಿ:
ಎರಡರ ಮಣಿಕಟ್ಟಿನಲ್ಲಿಯೂ ಕಿರುಮೂಳೆಯೊಂದು
ಬೇರೆ ಬೇರೆಯಾಗಿಯೇ ವಿಕಾಸಗೊಂಡು,
ಹೆಬ್ಬೆರಳಿನ ಕೆಲಸವನ್ನು ಮಾಡುತ್ತ,
ಬಿದಿರ ದಂಟನ್ನು ಬಿಗಿಯಾಗಿ ಹಿಡಿಯುತ್ತದೆ.

ಇವೆರಡರಲ್ಲಿ ಇಂದು ಹೆಚ್ಚು ಅಪಾಯದ ಅಂಚಿನಲ್ಲಿರುವುದು,
ನಾವು ಅಷ್ಟಾಗಿ ನೆನೆಯದ
ಆ ಕೆಂಪು ಪಾಂಡಾ.