ಅಪರೂಪದ ಹಾಡು ಯಾವುದು?

ಹಿಂದೆ ಅಪರೂಪದ ಹಾಡು ಎಂದರೆ ಕೈಗೆ ಸಿಗದ ಹಾಡು ಎಂದೇ ಅರ್ಥವಾಗಿತ್ತು. ಗ್ರಾಮಫೋನು ಊರಿಗೆ ಒಂದೋ ಎರಡೋ ಮನೆಯಲ್ಲಿ ಇರುತ್ತಿತ್ತು. ಹೊಸ ಕ್ಯಾಸೆಟ್ ಬೇಕೆಂದರೆ ರಾಯದುರ್ಗದ ಕಡೆಯವರು ಬಳ್ಳಾರಿಗೆ, ಮಡಕಶಿರಾ ಕಡೆಯವರು ಹಿಂದೂಪುರಕ್ಕೋ ಶಿರಾಕ್ಕೋ ಬಸ್ಸು ಹತ್ತುತ್ತಿದ್ದರು. ರೇಡಿಯೋದಲ್ಲಿ ಮೆಚ್ಚಿನ ಚಿತ್ರಗೀತೆ ಬರಬೇಕೆಂದರೆ ಕಾರ್ಡು ಬರೆದು ಹಾಕಿ ವಾರಗಟ್ಟಲೆ ಕಾಯಬೇಕಿತ್ತು. ಈಗ ಕಾಲ ಬದಲಾಗಿದೆ. 2005ರಲ್ಲಿ ಯೂಟ್ಯೂಬ್ ಬಂತು. 2016ರಿಂದ ಈಚೆಗೆ ಅಂತರ್ಜಾಲದ ದರ ಇಳಿದು, ಕುರಿ ಕಾಯುವ ಹುಡುಗನ ಜೇಬಿನಲ್ಲೂ ಹಾಡಿನ ಅಂಗಡಿ ಬಂದು ಕೂತಿತು. ಹಾಗಾದರೆ ಅಪರೂಪದ ಹಾಡು ಎಂಬುದೇ ಈಗ ಇಲ್ಲವೇ? ಇದ್ದರೆ ಅದು ಯಾವುದು? ಇವತ್ತು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಮೊದಲು ಹೊಳೆಯುವ ಉತ್ತರ ಸುಲಭವಾದದ್ದು. ಯಾರೂ ಆಲಿಸದ ಹಾಡೇ ಅಪರೂಪದ ಹಾಡು. ಈ ಲೆಕ್ಕ ಹಿಡಿದರೆ ಅಂಥ ಹಾಡುಗಳಿಗೆ ಬರವೇನೂ ಇಲ್ಲ. ಸಂಗೀತದ ಮಾರಾಟ, ಆಲಿಕೆಗಳ ಲೆಕ್ಕ ಇಡುವ ಲೂಮಿನೇಟ್ ಎಂಬ ಅಮೆರಿಕದ ಸಂಸ್ಥೆ 2023ರ ಅಂಕಿಅಂಶ ಕೊಟ್ಟಿದೆ. ಅದರಂತೆ ಅಂತರ್ಜಾಲದ ಸಂಗೀತ ಸೇವೆಗಳಲ್ಲಿ ಆಗ 18.4 ಕೋಟಿ ಧ್ವನಿಮುದ್ರಿಕೆಗಳಿದ್ದವು. ಅವುಗಳಲ್ಲಿ ಸುಮಾರು 4.56 ಕೋಟಿಯನ್ನು ಆ ವರ್ಷ ಒಬ್ಬರೂ ಒಮ್ಮೆಯೂ ಹಾಕಿ ಕೇಳಲಿಲ್ಲ. 2024ರಿಂದ ಸ್ಪಾಟಿಫೈ ಎಂಬ ದೊಡ್ಡ ಸೇವೆ ಒಂದು ನಿಯಮ ತಂದಿತು. ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಆಲಿಸದ ಹಾಡಿಗೆ ಅದು ಹಣ ಕೊಡುವುದಿಲ್ಲ.

ಆದರೂ ಆ 4.56 ಕೋಟಿ ಹಾಡುಗಳು ನಿಜವಾಗಿ ಕಳೆದುಹೋಗಿಲ್ಲ. ಪ್ರತಿಯೊಂದಕ್ಕೂ ಒಂದು ಹೆಸರಿದೆ, ಹಾಡಿದವರ ಹೆಸರಿದೆ, ಭಾಷೆ ಇದೆ, ತಾರೀಖಿದೆ. ನಾಳೆ ಯಾರಾದರೂ ಆ ಹೆಸರು ಹಿಡಿದು ಹುಡುಕಿದರೆ ಅರೆಗಳಿಗೆಯಲ್ಲಿ ಎದುರಿಗೆ ಬರುತ್ತದೆ.

ಇಲ್ಲಿ ನಮ್ಮ ಎರಡು ಭಾಷೆಗಳು ಒಂದು ಸಹಾಯ ಮಾಡುತ್ತವೆ. ತೆಲುಗಿನಲ್ಲಿ ವಿನಡಂ ಬೇರೆ, ಅಡಗಡಂ ಬೇರೆ. ಕನ್ನಡದಲ್ಲಿ ಎರಡಕ್ಕೂ ಕೇಳುವುದು ಎಂದೇ ಹೇಳುತ್ತೇವೆ. ಹಾಡನ್ನೂ ಕೇಳುತ್ತೇವೆ, ಅಂಗಡಿಯಲ್ಲಿ ಬೆಲ್ಲವನ್ನೂ ಕೇಳುತ್ತೇವೆ. ಯಾರೂ ಕೇಳದ ಹಾಡು ಎಂದಾಗ ಎರಡು ಅರ್ಥ ಹೊರಡುತ್ತವೆ. ಒಂದು, ಯಾರ ಕಿವಿಗೂ ಬೀಳದ ಹಾಡು. ಇನ್ನೊಂದು, ಇಂಥದ್ದು ಬೇಕು ಎಂದು ಕೇಳುವುದಕ್ಕೇ ದಾರಿಯಿಲ್ಲದ ಹಾಡು. ಈ ಕಾಲದ ನಿಜವಾದ ಅಪರೂಪ ಎರಡನೆಯದು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕಿನಲ್ಲಿ ದುಡಿದವನಿಗೆ ಇದು ಬೇಗ ಅರ್ಥವಾಗುತ್ತದೆ. ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ನಡೆಯದಿದ್ದರೆ ಅದು ನಿಷ್ಕ್ರಿಯ ಖಾತೆಯಾಗುತ್ತದೆ. ಹತ್ತು ವರ್ಷ ಕಳೆದರೆ ಆ ಹಣ ವಾರಸುದಾರರಿಲ್ಲದ ಠೇವಣಿಯಾಗಿ, 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ನಿಧಿಗೆ ಸೇರುತ್ತದೆ. ಹಣ ಎಲ್ಲಿಗೂ ಹೋಗಿರುವುದಿಲ್ಲ, ಪೈಸೆ ಪೈಸೆಗೂ ಲೆಕ್ಕ ಇರುತ್ತದೆ. ಆದರೆ ಅಪ್ಪ ಯಾವ ಬ್ಯಾಂಕಿನಲ್ಲಿ, ಯಾವ ಹೆಸರಿನಲ್ಲಿ ಇಟ್ಟಿದ್ದ ಎಂಬುದು ಮಕ್ಕಳಿಗೆ ಗೊತ್ತಿರುವುದಿಲ್ಲ. 2023ರಲ್ಲಿ ರಿಸರ್ವ್ ಬ್ಯಾಂಕು ಇಂಥ ಹಣ ಹುಡುಕಲು ಉದ್ಗಮ್ ಎಂಬ ಜಾಲತಾಣ ತೆರೆಯಿತು. ಅಲ್ಲಿಯೂ ಮೊದಲು ಖಾತೆದಾರರ ಹೆಸರನ್ನೇ ಕೊಡಬೇಕು. ಹೆಸರು ಗೊತ್ತಿಲ್ಲದವನಿಗೆ ಇದ್ದ ಹಣವೂ ಇಲ್ಲದ್ದಕ್ಕೆ ಸಮ. ಹಾಡಿನ ಮಾತೂ ಹಾಗೆಯೇ.

ಹಳೆಯ ಕಾಲದ ಧ್ವನಿಮುದ್ರಕರಿಗೆ ಹೆಸರಿನ ಬೆಲೆ ಚೆನ್ನಾಗಿ ಗೊತ್ತಿತ್ತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನಿಗೆ ಹಾಡಿದರು. ಮೂರು ನಿಮಿಷದ ಹಾಡು ಮುಗಿದ ಕೂಡಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಇಂದು ಆ ತಟ್ಟೆಗಳನ್ನು ಕೇಳಿದವರು ಅದನ್ನು ಗಾಯಕಿಯ ಜಂಭ ಎಂದುಕೊಳ್ಳಬಹುದು. ಕಾರಣ ಬೇರೆ. ಆಗ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ನಮ್ಮ ಭಾಷೆ ತಿಳಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು ಎಂದು ತಿಳಿಯುವುದಕ್ಕಾಗಿ ಆ ಏರ್ಪಾಡು. ಧ್ವನಿಯ ಜೊತೆಗೇ ವಿಳಾಸವೂ ಹೋಯಿತು. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಗಳು ಮಾತ್ರ ಇಂದಿಗೂ ಅವರ ಹೆಸರಿನಲ್ಲೇ ಸಿಗುತ್ತವೆ.

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ 1934ರ ಮಾರ್ಚಿನಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ಉಳಿದಿಲ್ಲ. ಆದರೂ ಸುಬ್ಬಯ್ಯ ನಾಯ್ಡು, ನಾಗೇಂದ್ರರಾವ್, ತ್ರಿಪುರಾಂಬ ಅದರಲ್ಲಿ ನಟಿಸಿದ್ದರು, ವೈ. ವಿ. ರಾವ್ ನಿರ್ದೇಶಿಸಿದ್ದರು ಎಂದು ನಾವು ಹೇಳಬಲ್ಲೆವು. ಚಿತ್ರ ಹೋಯಿತು, ಹೆಸರು ನಿಂತಿತು. ಎಲ್ಲಾದರೂ ಹಳೆಯ ಪೆಟ್ಟಿಗೆಯಲ್ಲಿ ಒಂದು ಸುರುಳಿ ಸಿಕ್ಕಿದರೆ ಇದು ಅದೇ ಎಂದು ಗುರುತಿಸುವವರು ಇದ್ದಾರೆ. ನಮ್ಮ ಹಳ್ಳಿಯ ಹಾಡುಗಳ ಸ್ಥಿತಿ ನೋಡಿದರೆ ಧ್ವನಿ ಇದೆ, ಹೆಸರಿಲ್ಲ. ಇದು ಹೆಚ್ಚು ಕಷ್ಟದ ಸ್ಥಿತಿ.

ಯಾಕೆ ಎನ್ನುವುದಕ್ಕೆ ಹುಡುಕುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಅದು ಮುಖ್ಯವಾಗಿ ಅಕ್ಷರಗಳನ್ನು ನೋಡಿ ಹುಡುಕುತ್ತದೆ. ಹಾಡಿನ ಮೇಲೆ ಬರೆದ ಹೆಸರು, ಊರು, ಭಾಷೆ ಇವೇ ಅದಕ್ಕೆ ಆಧಾರ. ಹಾಡಿನ ನಾದ ಕೇಳಿಯೇ ಹೆಸರು ಹೇಳುವ ಶಾಜಾಮ್ ಮೊದಲಾದ ಸಾಧನಗಳೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ, ನಿಜ. ಆದರೆ ಅವು ಮಾಡುವುದು ಹೋಲಿಸುವ ಕೆಲಸ. ತಮ್ಮ ಉಗ್ರಾಣದಲ್ಲಿ ಮೊದಲೇ ಹೆಸರು ಸಹಿತ ಇರುವ ಧ್ವನಿಮುದ್ರಿಕೆಗೆ ಇದು ತಾಳೆಯಾಗುತ್ತದೆಯೇ ಎಂದು ನೋಡುತ್ತವೆ. ಬೀಸುವ ಕಲ್ಲಿನ ಮುಂದೆ ಅಜ್ಜಿ ಹಾಡಿದ ಪದ ಆ ಉಗ್ರಾಣದಲ್ಲಿ ಇಲ್ಲದ ಮೇಲೆ ತಾಳೆ ನೋಡುವುದು ಯಾವುದಕ್ಕೆ?

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಇದೆ. ಕನ್ನಡದ ರ ಅಕ್ಷರವೂ ತೆಲುಗಿನ ರ ಅಕ್ಷರವೂ ನಮ್ಮ ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದುತ್ತಾನೆ. ಗಣಕಯಂತ್ರಕ್ಕೆ ಹಾಗಲ್ಲ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಕನ್ನಡದ ರ 3248, ತೆಲುಗಿನ ರ 3120. ಕನ್ನಡ ಸೋಬಾನೆ ಪದವನ್ನು ತೆಲುಗು ಶಾಲೆಯಲ್ಲಿ ಓದಿದ ಮೊಮ್ಮಗಳು ತೆಲುಗು ಲಿಪಿಯಲ್ಲಿ ಬರೆದು ಹಾಕುತ್ತಾಳೆ. ಬೆಂಗಳೂರಿನಲ್ಲಿ ಕೂತವರು ಕನ್ನಡ ಲಿಪಿಯಲ್ಲಿ ಹುಡುಕುತ್ತಾರೆ. ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ತಮಗೆ ತೋಚಿದ ಕಾಗುಣಿತದಲ್ಲಿ ಹುಡುಕುತ್ತಾರೆ. ಚಿತ್ರಗೀತೆಯಾದರೆ ಯಂತ್ರ ಊಹಿಸಿ ಹೊಂದಿಸುವುದುಂಟು, ಏಕೆಂದರೆ ಲಕ್ಷಾಂತರ ಜನ ಅದನ್ನು ನಾನಾ ರೀತಿಯಲ್ಲಿ ಬರೆದಿರುತ್ತಾರೆ. ಒಂದೇ ಮನೆಯಲ್ಲಿ ಉಳಿದ ಹಾಡಿಗೆ ಆ ಅನುಕೂಲವಿಲ್ಲ.

ಭಾಷೆಯ ಖಾನೆಯೂ ಹಾಗೆಯೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿತು. 2022ರ ಏಪ್ರಿಲಿನಲ್ಲಿ ಮಡಕಶಿರಾ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಚೇರಿಗಳು ಹೀಗೆ ಬದಲಾಗುತ್ತವೆ. ಮದುವೆ ಮನೆಯಲ್ಲಿ ಮಾತ್ರ ಕನ್ನಡ ಸೋಬಾನೆಯ ಹಿಂದೆಯೇ ತೆಲುಗಿನ ಮಂಗಳಹಾರತಿ ಬರುತ್ತದೆ, ಹಾಡುವವರೂ ಅವರೇ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಹಾಡಿದರು. ತಾತಯ್ಯನವರಿಗೆ ಮಠವಿದೆ, ಭಕ್ತರಿದ್ದಾರೆ, ಆದ್ದರಿಂದ ಯಾವ ಖಾನೆಯಲ್ಲಿ ಹಾಕಿದರೂ ಅವರು ಸಿಗುತ್ತಾರೆ. ನಮ್ಮೂರ ಭಜನೆಯ ಗುಂಪು ಹಾಡುವ ಪದಕ್ಕೆ ಒಂದೇ ಭಾಷೆಯ ಖಾನೆ ತುಂಬಿಸು ಎಂದರೆ ಏನು ಬರೆಯುವುದು? ಬರೆಯದೆ ಬಿಟ್ಟರೆ ಆ ಹಾಡು ಕನ್ನಡದವರಿಗೂ ಇಲ್ಲ, ತೆಲುಗಿನವರಿಗೂ ಇಲ್ಲ.

ಹೆಸರಿನ ಜೊತೆಗೆ ಸಂದರ್ಭವೂ ಬೇಕು. ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ತಮ್ಮ ಆರಾಧ್ಯವೀರ ಜುಂಜಪ್ಪನ ಕಥೆಯನ್ನು ಹಾಡುತ್ತಾರೆ. ಅದರ ಜೊತೆಗೆ ನುಡಿಸುವುದು ಗಣೆ ಎಂಬ, ಸಾಮಾನ್ಯ ಕೊಳಲಿಗಿಂತ ಬಹಳ ಉದ್ದವಾದ ಬಿದಿರಿನ ವಾದ್ಯ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಗಣೆಯ ನಾದವನ್ನು ಮಾತ್ರ ಅರ್ಧ ನಿಮಿಷ ಫೋನಿನಲ್ಲಿ ಹಿಡಿದು ಕಳುಹಿಸಿದರೆ, ಕೇಳಿದವನು ಚೆನ್ನಾಗಿದೆ ಎಂದು ಮುಂದಿನದಕ್ಕೆ ಹೋಗುತ್ತಾನೆ. ಇದು ದೇವರ ಮುಂದೆ ನುಡಿಸುವುದು, ದನಗಾಹಿ ವೀರನೊಬ್ಬನ ಕಥೆ ಇದಕ್ಕಿದೆ ಎಂಬುದು ಅವನಿಗೆ ತಿಳಿಯುವುದೇ ಇಲ್ಲ.

ಸರಿಯಾಗಿ ನಡೆದ ಕೆಲಸವೂ ನಮ್ಮ ನೆರೆಯಲ್ಲೇ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳನ್ನು ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಕೇಳಿ ಸಂಗ್ರಹಿಸಿದರು. ಹಾಡಿನ ಜೊತೆ ಹಾಡಿದವರ ಹೆಸರು, ಹಟ್ಟಿ, ಬದುಕು ಎಲ್ಲವೂ ದಾಖಲಾಯಿತು. ಆದ್ದರಿಂದ ಸಿರಿಯಜ್ಜಿ ತೀರಿಕೊಂಡ ಮೇಲೂ ಅವರ ಹಾಡನ್ನು ಅವರ ಹೆಸರು ಹಿಡಿದು ಕೇಳಬಹುದು. ನಮ್ಮ ಊರುಗಳಿಗೆ ಒಬ್ಬ ಹನೂರರು ಬರಲಿ ಎಂದು ಕಾಯುತ್ತಾ ಕೂರುವಷ್ಟು ಸಮಯವಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಆ ಕಲ್ಲಿನ ಪದ ಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು. ಫೋನಿನಲ್ಲಿ ಧ್ವನಿ ಹಿಡಿಯುವುದನ್ನು ಮೊಮ್ಮಕ್ಕಳು ಹೇಗೂ ಮಾಡುತ್ತಿದ್ದಾರೆ. ಆದರೆ ವಾಟ್ಸಾಪಿನಲ್ಲಿ ಬಂದ ಧ್ವನಿಗೆ ಫೋನು ತಾನಾಗಿ ಕೊಡುವುದು ತಾರೀಖು ಮತ್ತು ಒಂದು ಕ್ರಮಸಂಖ್ಯೆ, ಅಷ್ಟೇ. ಹತ್ತು ವರ್ಷ ಬಿಟ್ಟು ಆ ಸಂಖ್ಯೆ ನೋಡಿ ಇದು ಯಾರ ಧ್ವನಿ ಎಂದು ಹೇಳುವವರು ಯಾರು?

ಆದ್ದರಿಂದ ಒಂದು ಸುಲಭದ ಪದ್ಧತಿ ಹೇಳುತ್ತೇನೆ. ಇದಕ್ಕೆ ಖರ್ಚಿಲ್ಲ. ಹಾಡು ಶುರುವಾಗುವ ಮೊದಲು ಗೌಹರ್ ಜಾನ್ ಮಾಡಿದ ಕೆಲಸವನ್ನೇ ನಾವೂ ಮಾಡೋಣ, ಹೆಸರನ್ನು ಬಾಯಲ್ಲೇ ಹೇಳಿಸೋಣ. ಹಾಡುವವರ ಹೆಸರು, ಊರು, ಇದು ಯಾವಾಗ ಹಾಡುವ ಪದ, ಯಾರಿಂದ ಕಲಿತದ್ದು, ಯಾವ ಭಾಷೆ, ಇವತ್ತು ಯಾವ ತಾರೀಖು. ಎರಡು ಭಾಷೆ ಬೆರೆತಿದ್ದರೆ ಎರಡೂ ಎಂದೇ ಹೇಳಲಿ. ಅಂತರ್ಜಾಲಕ್ಕೆ ಹಾಕುವುದಾದರೆ ಇದನ್ನೇ ಕನ್ನಡ, ತೆಲುಗು, ಇಂಗ್ಲಿಷ್ ಮೂರು ಲಿಪಿಯಲ್ಲೂ ಬರೆಯಲಿ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ನೋಟುಪುಸ್ತಕದಲ್ಲಿ ಒಂದು ಸಾಲು ಬರೆದಿಟ್ಟರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಮೊದಲು ಹಾಡುವವರ ಒಪ್ಪಿಗೆ ಕೇಳಬೇಕು. ಸಾವಿನ ಮನೆಯಲ್ಲಿ ಹಾಡುವ ಪದವನ್ನು ಬೇರೆ ಹೊತ್ತಿನಲ್ಲಿ ಹಾಡಬಾರದು ಎಂದು ನಂಬುವ ಅಜ್ಜಿಯರಿದ್ದಾರೆ. ದೇವರ ಮುಂದಿನ ಹಾಡು ಊರಾಚೆ ಹೋಗಬಾರದು ಎನ್ನುವವರೂ ಇದ್ದಾರೆ. ಅವರು ಬೇಡ ಎಂದರೆ ಬೇಡ. ಇಂಥ ಒಂದು ಹಾಡು ಇದೆ, ಅದನ್ನು ಇಂಥವರು ಬಲ್ಲರು ಎಂದು ಬರೆದಿಡುವುದಕ್ಕಾದರೂ ಅವರನ್ನು ಕೇಳಿ ನೋಡಿ.

ಅಮರಾಪುರಂ ಮಂಡಲದ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಆ ಸೀಮೆಯಲ್ಲಿ ಕನ್ನಡ ಶಾಸನಗಳಿವೆ. ದಾನಶಾಸನದಲ್ಲಿ ಆಳುವವರು ಯಾರು, ಕೊಟ್ಟವರು ಯಾರು, ಯಾರಿಗೆ ಕೊಟ್ಟರು, ಯಾವ ನೆಲ ಎಂದು ಬರೆಯುವುದು ವಾಡಿಕೆ. ಸಾವಿರ ವರ್ಷದ ಮೇಲೂ ನಾವು ಅದನ್ನು ಓದಿ ತಿಳಿಯುತ್ತೇವೆ. ಅದೇ ಹೊಲದಲ್ಲಿ ಅಕ್ಷರವಿಲ್ಲದ ಬಂಡೆಗಳೂ ಎಷ್ಟೋ ಬಿದ್ದಿವೆ. ಅವುಗಳ ಮೇಲೆ ಬಟ್ಟೆ ಒಗೆಯುತ್ತೇವೆ.

ಈ ವಾರ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಒಂದು ಪದ ಕೇಳಿ. ಕೇಳುವ ಮೊದಲು ಅದರ ಹೆಸರು ಕೇಳಿ.