ಗುಣವಾದ ರೋಗಿ ಹೋಗುವುದೆಲ್ಲಿಗೆ? ಮಂಗಳೂರಿನಲ್ಲಿ ಹುಟ್ಟಿದ ಮನೋವೈದ್ಯೆ ಶಾರದಾ ಮೆನನ್ ಹುಡುಕಿದ ಉತ್ತರ

ಮಾನಸಿಕ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ವ್ಯಕ್ತಿಯನ್ನು ಮನೆಗೆ ಕರೆದೊಯ್ಯಲು ಯಾರೂ ಬರದಿದ್ದರೆ ಏನು ಮಾಡಬೇಕು? ಕರೆದೊಯ್ದರೂ ಮನೆಯವರು ಅವರೊಂದಿಗೆ ಹೇಗೆ ನಡೆದುಕೊಳ್ಳಬೇಕು? ಡಾ. ಶಾರದಾ ಮೆನನ್ ಅವರ ಐದು ದಶಕಗಳಿಗೂ ಹೆಚ್ಚಿನ ವೃತ್ತಿಜೀವನ ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಸುತ್ತಲೇ ಸಾಗಿತು.

ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂದು ಗುರುತಿಸಲಾಗುವ ಶಾರದಾ ಮೆನನ್ 1923ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ, ಬೆಂಗಳೂರಿನ ಇಂದಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ತರಬೇತಿ ಪಡೆದರು. 1959ರಲ್ಲಿ ಮದ್ರಾಸಿನ ಕೀಲ್ಪಾಕ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿದರು. ಎರಡೇ ವರ್ಷಗಳಲ್ಲಿ ಅಲ್ಲಿನ ಮೊದಲ ಮಹಿಳಾ ಸೂಪರಿಂಟೆಂಡೆಂಟ್ ಆಗಿ, 1978ರಲ್ಲಿ ನಿವೃತ್ತರಾಗುವವರೆಗೆ ಆ ಹುದ್ದೆಯಲ್ಲಿದ್ದರು.

ಒಳಗೆ ಹೋದವರು ಹೊರಬರುವ ದಾರಿ

ಕೀಲ್ಪಾಕ್ ಆಸ್ಪತ್ರೆ ಬ್ರಿಟಿಷರ ಕಾಲದ್ದು. ಊರಿನಿಂದ ದೂರ, ಎತ್ತರದ ಗೋಡೆಯೊಳಗೆ ರೋಗಿಗಳನ್ನು ಇಟ್ಟುಕೊಳ್ಳುವುದೇ ಇಂಥ ಆಸ್ಪತ್ರೆಗಳ ಮೂಲ ಉದ್ದೇಶವಾಗಿತ್ತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧ ಬಂದ ಮೇಲೆ ಲೆಕ್ಕಾಚಾರ ಬದಲಾಯಿತು. ಭ್ರಮೆ, ಕಿವಿಯಲ್ಲಿ ಕೇಳುವ ದನಿಗಳು ಹತೋಟಿಗೆ ಬರತೊಡಗಿದವು. ಮನೆಗೆ ಹೋಗಬಲ್ಲವರು ಹೆಚ್ಚಿದರು, ಆದರೆ ಅವರನ್ನು ಬರಮಾಡಿಕೊಳ್ಳಲು ಮನೆಗಳು ಸಿದ್ಧವಿರಲಿಲ್ಲ.

ಶಾರದಾ ಮೆನನ್ ಅವಧಿಯಲ್ಲಿ ಕೀಲ್ಪಾಕ್‌ನಲ್ಲಿ ಹೊರರೋಗಿ ವಿಭಾಗ ಆರಂಭವಾಯಿತು. ಕೇಳಲು ಸಣ್ಣ ಸಂಗತಿ. ಆದರೆ ದಾಖಲಾಗದೆಯೇ ಬಂದು ಔಷಧ ಪಡೆದು ಮನೆಗೆ ಹೋಗಬಹುದು ಎಂದಾದಾಗಲೇ ಮನೆಯವರು ಚಿಕಿತ್ಸೆಯ ಪಾಲುದಾರರಾಗುವುದು. ರೋಗಿಗಳಿಗೆ ಕೆಲಸ ಕಲಿಸುವ ವ್ಯವಸ್ಥೆಯೂ ಬಂತು. ಪುನರ್ವಸತಿಗೆ ಸ್ವಯಂಸೇವಾ ಸಂಸ್ಥೆಗಳ ನೆರವನ್ನೂ ಅವರು ಪಡೆದರು.

ನಿವೃತ್ತಿಯ ನಂತರ ಶುರುವಾದ ಕೆಲಸ

1984ರಲ್ಲಿ, ಅರವತ್ತು ದಾಟಿದ ಮೇಲೆ, ಅವರು ಚೆನ್ನೈನಲ್ಲಿ ‘ಸ್ಕಾರ್ಫ್’ ಎಂದೇ ಹೆಸರಾದ ಸ್ಕಿಜೋಫ್ರೇನಿಯಾ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. ಅವರು ಆರಿಸಿಕೊಂಡ ಈ ಕಾಯಿಲೆ ಹೆಚ್ಚಾಗಿ ಹದಿಹರೆಯದ ಕೊನೆ ಅಥವಾ ಇಪ್ಪತ್ತರ ಹರೆಯದಲ್ಲಿ, ಅಂದರೆ ಓದು, ಕೆಲಸ, ಮದುವೆಯ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ.

ಮನೆಯವರಿಗೆ ಕಷ್ಟವಾಗುವುದು ಎಲ್ಲಿ? ಇಲ್ಲದ ದನಿ ಕೇಳಿಸುವುದು, ಯಾರೋ ವಿಷ ಹಾಕುತ್ತಿದ್ದಾರೆಂಬ ಅನುಮಾನ, ಇವೆಲ್ಲ ಕಾಯಿಲೆ ಎಂದು ಬಹುತೇಕರಿಗೆ ಹೊಳೆಯುತ್ತದೆ. ಆದರೆ ದಿನವಿಡೀ ಮಲಗಿರುವುದು, ಸ್ನಾನ ಮಾಡದಿರುವುದು, ಯಾರೊಂದಿಗೂ ಮಾತಾಡದಿರುವುದು ಕೂಡ ಅದೇ ಕಾಯಿಲೆಯ ಲಕ್ಷಣ. ಔಷಧಕ್ಕೆ ಇವು ಸುಲಭವಾಗಿ ಬಗ್ಗುವುದಿಲ್ಲ. ಮನೆಯಲ್ಲಿ ಇದಕ್ಕೆ ಸಿಗುವ ಹೆಸರು ಸೋಮಾರಿತನ. ಬೈಗುಳ, ಹಂಗಿಸುವಿಕೆ ಶುರುವಾಗುತ್ತದೆ. ಸದಾ ಟೀಕೆ, ಹಗೆತನ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗೆಂದು ಮನೆಯವರೇ ಕಾಯಿಲೆಗೆ ಕಾರಣ ಎಂದು ದೂರುವುದೂ ತಪ್ಪು. ಅವರಿಗೆ ಯಾರೂ ವಿವರಿಸಿ ಹೇಳಿರುವುದಿಲ್ಲ, ಅಷ್ಟೇ.

ಎರಡನೆಯ ತೊಡಕು, ಸ್ವಲ್ಪ ಸುಧಾರಿಸಿದ ಕೂಡಲೇ ಮಾತ್ರೆ ನಿಲ್ಲಿಸುವುದು. ಮೂರನೆಯದು ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ನಂಬಿಕೆ. ಕಾಯಿಲೆ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮಾತ್ರೆಯನ್ನೂ ಮುಚ್ಚಿಟ್ಟೇ ನುಂಗಬೇಕಾಗುತ್ತದೆ, ಇಲ್ಲವೇ ನುಂಗದೇ ಇರಬೇಕಾಗುತ್ತದೆ. ಅದರ ಪರಿಣಾಮವನ್ನು ಇಬ್ಬರೂ ಅನುಭವಿಸುತ್ತಾರೆ.

ಹೀಗಾಗಿ ಸ್ಕಾರ್ಫ್‌ನಲ್ಲಿ ಔಷಧದ ಜೊತೆಗೇ ಕುಟುಂಬದವರಿಗೆ ತಿಳಿವಳಿಕೆ, ಕೆಲಸದ ತರಬೇತಿ, ವಸತಿ ಆರೈಕೆ ಸೇರಿಕೊಂಡವು. ಮುಂದೆ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ಹಳ್ಳಿಗಳಿಗೆ ಬಸ್ಸಿನಲ್ಲೇ ವಿಡಿಯೋ ಮೂಲಕ ಚೆನ್ನೈನ ವೈದ್ಯರನ್ನು ಕಾಣುವ ಸೌಲಭ್ಯವೂ ಬಂತು.

ಕುಟುಂಬಗಳಿಗೆ ನೆರವು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಜ್ಯದ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾ ಬಳಿಯ ಖಾಸಗಿ ಆಶ್ರಯ ಕೇಂದ್ರದಲ್ಲಿ ಬೆಂಕಿ ಹೊತ್ತಿಕೊಂಡಾಗ, ಸರಪಳಿಯಲ್ಲಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸಿಲುಕಿದರು. ಒಟ್ಟು 28 ಮಂದಿ ಸತ್ತರು. ಅವರಲ್ಲಿ ಹಲವರನ್ನು ಅಲ್ಲಿಗೆ ತಂದು ಬಿಟ್ಟವರು ಮನೆಯವರೇ.

ಕಾನೂನು ಈಗ ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಕುಟುಂಬ ಇಲ್ಲ, ಅಥವಾ ಕುಟುಂಬ ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ ಎಂದೂ ಹೇಳುತ್ತದೆ. ಕೀಲ್ಪಾಕ್‌ನ ವಾರ್ಡುಗಳಲ್ಲಿ ಅರ್ಧ ಶತಮಾನದ ಹಿಂದೆ ಎದುರಾಗಿದ್ದ ಪ್ರಶ್ನೆಯೇ ಇದು. ಆದರೆ ಇದು ಜಾರಿಯಾಗಲು ಬೇಕಾದ ಆಶ್ರಯ ಮನೆಗಳು ಎಷ್ಟೋ ಜಿಲ್ಲೆಗಳಲ್ಲಿ ಇಲ್ಲ. ‘ನಾವು ಹೋದ ಮೇಲೆ ಮಗನನ್ನು ನೋಡಿಕೊಳ್ಳುವವರಾರು?’ ಎಂದು ಕೇಳುವ ವಯಸ್ಸಾದ ತಂದೆ-ತಾಯಿಗೆ ಕೊಡಲು ಕಾಯ್ದೆಯ ಪುಸ್ತಕದಲ್ಲಿ ಉತ್ತರವಿದೆ, ಊರಿನಲ್ಲಿ ಇನ್ನೂ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯವೆಂದು ಪರಿಗಣಿಸುತ್ತದೆ. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು.

ಶಾರದಾ ಮೆನನ್ ಅವರಿಗೆ 1992ರಲ್ಲಿ ಪದ್ಮಭೂಷಣ ಸಂದಿತು. ಇಳಿವಯಸ್ಸಿನಲ್ಲೂ ರೋಗಿಗಳನ್ನು ನೋಡುತ್ತಿದ್ದ ಅವರು 2021ರ ಡಿಸೆಂಬರ್ 5ರಂದು ಚೆನ್ನೈನಲ್ಲಿ, 98ನೇ ವಯಸ್ಸಿನಲ್ಲಿ ನಿಧನರಾದರು.

ನೆರವು ಬೇಕಿದ್ದರೆ: ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ರೋಗಿಯೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಂಡು ದಣಿದಿರುವ ಮನೆಯವರೂ ಕರೆ ಮಾಡಬಹುದು.