ಗಿಟಾರ್ ಡಬ್ಬ ಯಾಕೆ ಗುಂಯ್ ಅನ್ನುತ್ತೆ?

ಕೊಡಗಿನ ಶ್ರೀಮಂಗಲದ ಜಡಿಮಳೆ.
ಮನೆಯಲ್ಲೇ ಬೆಸುಗೆ ಹಾಕಿದ ಆಂಪ್ ಸಿಮ್ಯುಲೇಟರ್.
ತಂತಿ ಮೀಟಿದರೆ ಬರೀ ಗುಂಯ್! ಯಾಕೆ?

ದೊಡ್ಡ ವಾಲ್ವ್ ಆಂಪಿನ ದನಿಯನ್ನು ಅಂಗೈಯಗಲದ ಡಬ್ಬದಲ್ಲಿ ಹಿಡಿಯುವ ಸರ್ಕ್ಯೂಟ್ ಇದು.
1989ರಲ್ಲಿ ಆಂಡ್ರ್ಯೂ ಬಾರ್ಟಾ ತಂದ ಸ್ಯಾನ್ಸ್‌ಆಂಪ್ ಈ ಜಾತಿಯದೇ.

ಮನೆಯಲ್ಲಿ ಮಾಡುವವರು ಹೆಚ್ಚಾಗಿ ವಾಲ್ವ್ ಜಾಗಕ್ಕೆ ಜೆ-ಫೆಟ್ ಎಂಬ ಟ್ರಾನ್ಸಿಸ್ಟರ್ ಹಾಕುತ್ತಾರೆ.
ಕಿರಿಕಿರಿ ಶುರುವಾಗುವುದೇ ಅಲ್ಲಿ.
ನಂಬರ್ ಒಂದೇ ಆದರೂ ಎರಡು ಜೆ-ಫೆಟ್ ಒಂದೇ ಥರ ಇರುವುದಿಲ್ಲ.
ಮಲ್ಟಿಮೀಟರನ್ನು ಜೆ-ಫೆಟ್ಟಿನ ಡ್ರೇನ್ ಕಾಲಿಗಿಡಿ.
9 ವೋಲ್ಟ್ ಬ್ಯಾಟರಿಯಾದರೆ ಅಲ್ಲಿ ಸುಮಾರು 4.5 ಬರಬೇಕು.
ಬರಲಿಲ್ಲವೇ? ಟ್ರಿಮ್‌ಪಾಟ್ ತಿರುಗಿಸಿ.

ಆದರೂ ಗಿಟಾರ್ ಕೇಳಿಸುತ್ತಿಲ್ಲವೇ?
ಕಾಫಿ ತೋಟದ ಸ್ಪ್ರಿಂಕ್ಲರಿಗೆ ನೀರು ಬರದಿದ್ದರೆ
ಪೈಪಿನ ಜಾಯಿಂಟ್ ಒಂದೊಂದನ್ನೇ ನೋಡುತ್ತ ಹೋಗುತ್ತಾರಲ್ಲ, ಹಾಗೇ.
ಬೇರೊಂದು ಆಂಪಿನ ಇನ್‌ಪುಟ್ ವಯರಿನ ತುದಿಗೆ
0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಟ್ಟಿ.
ಆಂಪು, ಡಬ್ಬ ಎರಡರ ಗ್ರೌಂಡ್ ಸೇರಿಸಿ.
ಕೆಪಾಸಿಟರಿನ ಇನ್ನೊಂದು ಕಾಲಿನಿಂದ ಸರ್ಕ್ಯೂಟನ್ನು ಗಿಟಾರ್ ಕಡೆಯಿಂದ ಮುಟ್ಟುತ್ತ ಬನ್ನಿ.
ದನಿ ಎಲ್ಲಿ ನಿಂತಿತೋ, ತಪ್ಪು ಅದರ ಹಿಂದೆಯೇ ಇದೆ.

ಗುಂಯ್ ಅನ್ನುವುದು? ಬಹುಪಾಲು ಗ್ರೌಂಡ್ ವಯರಿನ ಚೇಷ್ಟೆ.

ಕೊಡಗಿನ ತೇವವನ್ನೂ ಮರೆಯುವಂತಿಲ್ಲ.
ಬೋರ್ಡಿನಲ್ಲಿ ಉಳಿದ ಫ್ಲಕ್ಸ್ ತೇವ ಹೀರಿದರೆ ಕರೆಂಟ್ ಸೋರುತ್ತದೆ.
ಬ್ಯಾಟರಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.
ಚೆನ್ನಾಗಿ ಒಣಗಿದ ಮೇಲಷ್ಟೇ ಡಬ್ಬ ಮುಚ್ಚಿ.